ಕನ್ನಡಕದವರ ಪಿನ್‌ಬಾಲ್ ಪರಾಕ್ರಮ

"ಬರೋ ಭಾನುವಾರ ಆ ಆಟ ಇದೇ ಮೇಜಿನ ಮೇಲೆ ಇರುತ್ತೆ. ನಿನ್ನ ಕಣ್ಣಾರೆ ನೀನೇ ನೋಡ್ತೀಯ" ಎಂದು ಕನ್ನಡಕದವರು ಊಟದ ಮೇಜನ್ನು ಗುದ್ದಿ ಸಾರಿದರು. ಗುದ್ದಿದ ರಭಸಕ್ಕೆ ನೀರಿನ ಲೋಟ ಉರುಳಿ ಭಾವಮೈದುನನ ಪ್ಯಾಂಟು ಒದ್ದೆಯಾಯಿತು. ಮಹತ್ಕಾರ್ಯಗಳ ಆರಂಭದಲ್ಲಿ ಇಂಥ ಸಣ್ಣಪುಟ್ಟ ನಷ್ಟಗಳು ಇದ್ದದ್ದೇ.

ಕನ್ನಡಕದವರಿಗೆ ತಂದೆತಾಯಿ ಇಟ್ಟ ಹೆಸರೊಂದು ಇತ್ತು. ಆದರೆ ಮುಖ್ಯರಸ್ತೆಯ ತಿರುವಿನಲ್ಲಿ ಕನ್ನಡಕದ ಅಂಗಡಿ ತೆರೆದ ಮೇಲೆ ಅದನ್ನು ಬಳಸುವವರು ಯಾರೂ ಉಳಿದಿರಲಿಲ್ಲ. ಅಂಗಡಿ ಇಡುವ ಮೊದಲು, ಹರೆಯದ ದಿನಗಳಲ್ಲಿ, ಅವರು ಒಂದು ದೊಡ್ಡ ಕಣ್ಣಾಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕನ್ನಡಕದ ಗಾಜು ಉಜ್ಜುವ ಕೆಲಸಕ್ಕಿದ್ದರು. ಅದೇ ಆಸ್ಪತ್ರೆಯ ಮುಂಬಾಗಿಲಲ್ಲಿ, ಬಂದವರ ಹೆಸರು ಬರೆದುಕೊಳ್ಳುವ ಮೇಜಿನ ಹಿಂದೆ, ಈಗಿನ ಹೆಂಡತಿ ಕೂರುತ್ತಿದ್ದರು. ಈಗಿನ ಹೆಂಡತಿ ಎಂದರೆ ಹಿಂದೆ ಇನ್ನೊಬ್ಬರು ಇದ್ದರು ಎಂದಲ್ಲ, ಆಗ ಈಕೆ ಇನ್ನೂ ಹೆಂಡತಿಯಾಗಿರಲಿಲ್ಲ ಎಂದಷ್ಟೇ ಅರ್ಥ.

ಆ ಮೇಜಿನ ಮೇಲೆ ಆಸ್ಪತ್ರೆಯ ಮೊಟ್ಟಮೊದಲ ಕಂಪ್ಯೂಟರು ಬಂದು ಕೂತಿತು. ಅದರೊಳಗೆ ಒಂದು ಪಿನ್‌ಬಾಲ್ ಆಟವಿತ್ತು. ಮಧ್ಯಾಹ್ನ ಎಲ್ಲರೂ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಗಾಜು ಉಜ್ಜುವ ತರುಣ ಕೈತೊಳೆದುಕೊಂಡು ಅಲ್ಲಿಗೆ ಬಂದು ಕೂತನೆಂದರೆ ಮುಗಿಯಿತು. ಗುಂಡು ಮೇಲಿಂದ ಬರಬೇಕು, ಕೆಳಗಿನ ಎರಡು ರೆಕ್ಕೆಗಳು ಅದನ್ನು ಬಡಿದು ಮತ್ತೆ ಮೇಲಕ್ಕೆ ಅಟ್ಟಬೇಕು. ಬೇರೆಯವರು ಆಡಿದರೆ ಗುಂಡು ರೆಕ್ಕೆಗಳ ನಡುವೆ ಜಾರಿ ಗುಳುಂ ಆಗುತ್ತಿತ್ತು. ಇವರು ಆಡಿದರೆ ಊಟದ ಸಮಯ ಮುಗಿಯುತ್ತಿತ್ತೇ ಹೊರತು ಗುಂಡು ಬೀಳುತ್ತಿರಲಿಲ್ಲ. ಔಷಧಿ ವಿಭಾಗದವರು, ಲೆಕ್ಕದವರು, ಒಮ್ಮೊಮ್ಮೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ರೋಗಿಗಳು ಕೂಡ ಉಳಿದ ಒಂದು ಕಣ್ಣಿನಿಂದ ಆ ಪರಾಕ್ರಮವನ್ನು ನೋಡಲು ಹಿಂದೆ ನಿಲ್ಲುತ್ತಿದ್ದರು.

ಇದು ಕನ್ನಡಕದವರು ಹೇಳುವ ಕಥೆ. ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಕಣ್ಣು ಪರೀಕ್ಷೆಗೆ ಬಂದವರಿಗೆ, ತಲೆ ಅಲ್ಲಾಡಿಸಲಾಗದಂತೆ ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು ಕೂರಿಸಿದ ಮೇಲೆ, ತಪ್ಪದೆ ಹೇಳುತ್ತಿದ್ದರು. ಕೊನೆಯಲ್ಲಿ ಹೆಂಡತಿಯ ಕಡೆ ಕೈ ತೋರಿಸಿ, "ಆ ಆಟ ನೋಡಿಯೇ ಇವಳು ನನ್ನನ್ನ ಒಪ್ಪಿದ್ದು" ಎಂದು ಮುಗಿಸುತ್ತಿದ್ದರು. ಹೆಂಡತಿ ಆಗ ಏನಾದರೂ ತರಲು ಅಡುಗೆಮನೆಗೆ ಹೋಗುತ್ತಿದ್ದರು.

ಪಾಪ, ಕನ್ನಡಕದವರನ್ನು ದೂರುವಂತಿಲ್ಲ. ಶಾಲೆಯ ಓಟದಲ್ಲಿ ಅವರು ಓಡಿ ಮುಟ್ಟುವಷ್ಟರಲ್ಲಿ ಬಹುಮಾನ ಹಂಚಿ ಆಗಿರುತ್ತಿತ್ತು. ಪರೀಕ್ಷೆಗಳಲ್ಲಿ ಪಾಸು ಎನ್ನುವುದು ಅವರನ್ನು ಕಂಡೂ ಕಾಣದಂತೆ ಪಕ್ಕದಲ್ಲಿ ಹಾದುಹೋಗುತ್ತಿತ್ತು. ಬದುಕಿನಲ್ಲಿ ಹತ್ತು ಜನ ಅವರ ಬೆನ್ನ ಹಿಂದೆ ನಿಂತು "ಭೇಷ್" ಅಂದದ್ದು ಆ ಊಟದ ಹೊತ್ತಿನಲ್ಲಿ ಮಾತ್ರ. ಆ ಕಥೆ ಹೇಳುವಾಗ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಅಂಥ ಕಥೆಗೇ ಭಾವಮೈದುನ ಕೈ ಹಾಕಿದ್ದ. ಅವನು ಲಿಫ್ಟ್ ರಿಪೇರಿಯವನು. ಯಾವುದನ್ನೂ ಬಿಚ್ಚಿ ನೋಡದೆ ನಂಬುವವನಲ್ಲ.

"ಭಾವ, ಆಟದ ಹೆಸರೇನು?" ಎಂದು ಊಟದ ನಡುವೆ ಕೇಳಿದ.

"ಹೆಸರು... ನಾಲಿಗೆ ತುದೀಲೇ ಇದೆ."

"ನಾನು ಚಿಕ್ಕವನಾಗಿದ್ದಾಗಿಂದ ಅಲ್ಲೇ ಇದೆ. ಹೆಸರೇ ಇಲ್ಲದ ಆಟದಲ್ಲಿ ನಾನೂ ಚಾಂಪಿಯನ್ನೇ ಭಾವ. ಅಂಥ ಆಟ ಇರಲೇ ಇಲ್ಲ ಅಂತ ನನ್ನ ಅನುಮಾನ."

ಮೇಜು ಗುದ್ದಿದ್ದು ಆಗಲೇ. ಮಾತಿಗೆ ಮಾತು ಬೆಳೆದು ಶರತ್ತು ನಿಂತಿತು. ಭಾನುವಾರದೊಳಗೆ ಆಟ ಸಿಕ್ಕರೆ ಕನ್ನಡಕದವರು ಆ ಕಥೆಯನ್ನು ಬೇಕಾದಷ್ಟು ಸಲ ಹೇಳಬಹುದು, ಭಾವಮೈದುನ ತುಟಿ ಪಿಟಕ್ಕೆನ್ನದೆ ಕೇಳಬೇಕು. ಸಿಗದಿದ್ದರೆ ಅವರು ಇನ್ನು ಜನ್ಮದಲ್ಲಿ ಯಾರಿಗೂ ಅದನ್ನು ಹೇಳಕೂಡದು.

"ಹೋಗ್ಲಿ ಬಿಡ್ರೀ, ಯಾವ ಕಾಲದ ಆಟವೋ ಏನೋ" ಎಂದರು ಹೆಂಡತಿ, ಚೆಲ್ಲಿದ ನೀರು ಒರೆಸುತ್ತ.

"ಬಿಡೋದಾ? ಮಾನದ ಪ್ರಶ್ನೆ ಇದು" ಎಂದರು ಕನ್ನಡಕದವರು.

ಮಾನವನ್ನು ಕಾಪಾಡುವ ಹೊಣೆ ಮೊದಲು ಮಗಳ ಮೇಲೆ ಬಿತ್ತು. ಅವಳು ಕಾಲೇಜಿನ ಓದು ಬದಿಗಿಟ್ಟು ಲ್ಯಾಪ್‌ಟಾಪ್ ತೆರೆದಳು.

"ಅಪ್ಪ, ಆಟ ಹೇಗಿತ್ತು ಹೇಳು, ಹುಡುಕ್ತೀನಿ."

"ಗುಂಡು ಮೇಲಿಂದ ಕೆಳಗೆ ಬರುತ್ತೆ."

"ಎಲ್ಲ ಪಿನ್‌ಬಾಲ್‌ನಲ್ಲೂ ಹಾಗೇ ಅಪ್ಪ. ಕೆಳಗಿಂದ ಮೇಲಕ್ಕೆ ಬೀಳೋ ಗುಂಡು ಎಲ್ಲೂ ಇಲ್ಲ. ಬೇರೆ ಏನಿತ್ತು?"

ಕನ್ನಡಕದವರು ಕಣ್ಣು ಮುಚ್ಚಿ ಧ್ಯಾನಸ್ಥರಾದರು. "ಮಧ್ಯದಲ್ಲಿ ಒಂದು ದೊಡ್ಡ ಕಣ್ಣಿತ್ತು. ಸುತ್ತ ರೆಪ್ಪೆಗೂದಲು. ಗುಂಡು ತಗುಲಿದಾಗೆಲ್ಲ ಮಿಣ್ಣಂತ ಕಣ್ಣು ಹೊಡೀತಿತ್ತು."

ಮಗಳು ಕಣ್ಣಿರುವ ಪಿನ್‌ಬಾಲ್ ಆಟಗಳನ್ನೆಲ್ಲ ತೆಗೆದು ತೋರಿಸಿದಳು. ಬೆಕ್ಕಿನ ಕಣ್ಣು, ರಾಕ್ಷಸನ ಕಣ್ಣು, ಕಡಲುಗಳ್ಳನ ಒಂಟಿ ಕಣ್ಣು ಎಲ್ಲ ಬಂದವು. ಒಂದೂ ಅದಲ್ಲ. "ಸದ್ದು ನೆನಪಿದೆಯಾ? ಮೊಬೈಲ್ ಮುಂದೆ ಆ ಸದ್ದು ಮಾಡು, ಅದೇ ಹುಡುಕುತ್ತೆ" ಎಂದಳು. ಕನ್ನಡಕದವರು ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು, "ಟುಣ್ ಟುಣ್ ಟುರ್ರ್ರ್ ಗಳ ಗಳ ಗಳ ಪುಸ್" ಎಂದು ಜೀವ ತುಂಬಿ ನುಡಿಸಿದರು. ಮೊಬೈಲು ಸ್ವಲ್ಪ ಹೊತ್ತು ಯೋಚಿಸಿ, ಹತ್ತಿರದಲ್ಲಿರುವ ನಲ್ಲಿ ರಿಪೇರಿಯವರ ವಿಳಾಸ ಕೊಟ್ಟಿತು.

ಕೊನೆಗೆ ಅವರು ಅಡುಗೆಮನೆಗೆ ಹೋಗಿ ಹೆಂಡತಿಯ ಮುಂದೆ ನಿಂತರು. "ನೀನು ದಿನಾ ಪಕ್ಕದಲ್ಲೇ ಕೂತಿರ್ತಿದ್ದೆ. ನಿನಗೇನಾದ್ರೂ ನೆನಪಿರಲೇಬೇಕು."

"ನಾನು ಊಟ ಮಾಡ್ತಿದ್ದೆ. ನನಗೇನೂ ನೆನಪಿಲ್ಲ" ಎಂದು ಹೆಂಡತಿ ಒಲೆಯ ಕಡೆ ತಿರುಗಿದರು. ಒಲೆಯ ಮೇಲೆ ಆಗ ಏನೂ ಇರಲಿಲ್ಲ. ಇವಳಿಗೆ ಆಟದ ಮೇಲೆ ಈಗಲೂ ಹೊಟ್ಟೆಕಿಚ್ಚು ಎಂದು ಕನ್ನಡಕದವರು ಮನಸ್ಸಿನಲ್ಲೇ ನಕ್ಕರು. ಗಂಡಸರಿಗೆ ಇಂಥ ಸುಖಗಳು ಸುಲಭವಾಗಿ ಸಿಗುತ್ತವೆ.

ಮರುದಿನ ಅಂಗಡಿಯಲ್ಲಿ ಅವರಿಗೆ ಮಹಾನ್ ಉಪಾಯವೊಂದು ಹೊಳೆಯಿತು. ದಿನಕ್ಕೆ ಎಷ್ಟೊಂದು ಜನ ತಮ್ಮ ಮುಂದೆ ಕೂತು ಗೋಡೆ ನೋಡುತ್ತಾರೆ. ಗೋಡೆಯ ಮೇಲಿರುವುದು ಅಕ್ಷರಗಳ ಹಲಗೆ. ಅಕ್ಷರಗಳನ್ನು ಓದಿ ಲೋಕಕ್ಕೆ ಏನುಪಕಾರ? ಅವರು ಹಲಗೆಯನ್ನು ತಿರುಗಿಸಿ, ಹಿಂಬದಿಯ ಬಿಳಿಯ ಮೇಲೆ ಬಣ್ಣದ ಪೆನ್ನಿನಿಂದ ತಮ್ಮ ನೆನಪಿನ ಆಟವನ್ನು ಬಿಡಿಸಿದರು. ಕೆಳಗೆ ಎರಡು ರೆಕ್ಕೆ, ಮೇಲೆ ಕೆಲವು ಉರುಟು ಗೂಟ, ಮಧ್ಯದಲ್ಲಿ ರೆಪ್ಪೆಗೂದಲು ಸಹಿತವಾದ ಕಣ್ಣು. ಇನ್ನು ಬಂದವರ ಕಣ್ಣು ಪರೀಕ್ಷೆಯೂ ಆಯಿತು, ಆಟದ ವಿಚಾರಣೆಯೂ ಆಯಿತು. ಒಂದೇ ಖರ್ಚಿನಲ್ಲಿ ಎರಡು ಕೆಲಸ.

ದರ್ಜಿ ಬಂದ. ಚಿತ್ರ ನೋಡಿ, "ಮಧ್ಯದಲ್ಲಿರೋದು ಗುಂಡಿ. ಕಾಜ ಸರಿಯಾಗಿ ಹೊಲಿದಿಲ್ಲ" ಎಂದ. ಸೈಕಲ್ ಅಂಗಡಿಯವನು ಅದನ್ನು ಚಕ್ರವೆಂದು ಗುರುತಿಸಿ, ಕಡ್ಡಿಗಳು ಸಡಿಲವಾಗಿವೆ ಎಂದು ತಿಳಿಸಿದ. ಆಟ ಯಾವುದೆಂದು ಮಾತ್ರ ಯಾರೂ ಹೇಳಲಿಲ್ಲ.

ಆಮೇಲೆ ಹೆಡ್‌ಮಿಸ್ ಬಂದರು. ಬೀದಿಯ ಕೊನೆಯ ಮನೆಯಲ್ಲಿರುವ ನಿವೃತ್ತ ಮುಖ್ಯೋಪಾಧ್ಯಾಯಿನಿ ಅವರು. ನಿವೃತ್ತಿಯ ಸುದ್ದಿ ಅವರ ದನಿಗೆ ಇನ್ನೂ ತಲುಪಿರಲಿಲ್ಲ. ಕನ್ನಡಕದವರು ಚೌಕಟ್ಟು ಕೂರಿಸಿ, ಗಾಜು ಹಾಕಿ ಕೇಳಿದರು.

"ಮಧ್ಯದಲ್ಲಿ ಏನು ಕಾಣುತ್ತೆ ಮೇಡಂ?"

"ಹೂವು."

ಕನ್ನಡಕದವರಿಗೆ ಗಾಬರಿಯಾಯಿತು. ಕಣ್ಣು ಹೂವಾಗಿ ಕಾಣಬೇಕಾದರೆ ದೃಷ್ಟಿ ಎಷ್ಟು ಕೆಟ್ಟಿರಬೇಕು. ಗಾಜು ಬದಲಾಯಿಸಿದರು. "ಈಗ?"

"ಹೂವೇ."

ಇನ್ನೂ ದಪ್ಪ ಗಾಜು ಹಾಕಿದರು. "ಈಗ ಹೇಳಿ ಮೇಡಂ."

"ಈಗ ದೊಡ್ಡ ಹೂವು."

ಕನ್ನಡಕದವರು ಮರುಕದಿಂದ ತಲೆಯಾಡಿಸಿ, ಆ ದಪ್ಪ ಗಾಜನ್ನೇ ಹಾಕಿ ಕನ್ನಡಕ ಮಾಡಿಕೊಟ್ಟುಬಿಟ್ಟರು.

ಶನಿವಾರ ಮಧ್ಯಾಹ್ನ ಹೆಂಡತಿ ಊಟದ ಡಬ್ಬಿ ಹಿಡಿದು ಅಂಗಡಿಗೆ ಬಂದಾಗ ಹೆಡ್‌ಮಿಸ್ ಅಲ್ಲಿದ್ದರು. ಹಳೆಯ ಕನ್ನಡಕ ಮೂಗಿನ ಮೇಲಿತ್ತು. ಹೊಸದನ್ನು ಸತ್ತ ಇಲಿಯಂತೆ ಎರಡು ಬೆರಳಲ್ಲಿ ಹಿಡಿದಿದ್ದರು.

"ಇದನ್ನ ಹಾಕಿಕೊಂಡು ಮೆಟ್ಟಿಲಿಳಿಯೋಕೆ ಹೋದರೆ ಮೆಟ್ಟಿಲೇ ನನ್ನ ಕಡೆ ಎದ್ದು ಬರುತ್ತೆ. ನಿನ್ನೆ ರಸ್ತೇಲಿ ಅಂಚೆಡಬ್ಬಿಗೆ ನಮಸ್ಕಾರ ಮಾಡಿದೆ. ಅದು ಮಾತಾಡಿಸಲಿಲ್ಲ ಅಂತ ಮನೆಗೆ ಹೋಗಿ ಬೇಜಾರೂ ಮಾಡ್ಕೊಂಡೆ. ಏನ್ರೀ ಕಣ್ಣು ಪರೀಕ್ಷೆ ಮಾಡಿದ್ದು ನೀವು?"

"ಮೇಡಂ, ನಿಮಗೆ ಕಣ್ಣು ಹೂವಾಗಿ ಕಾಣ್ತಿತ್ತು..."

ಹೆಂಡತಿ ಗೋಡೆ ನೋಡಿದರು. ಗೋಡೆಯ ಮೇಲಿನ ಚಿತ್ರ ನೋಡಿದರು. ಡಬ್ಬಿಯನ್ನು ಕೆಳಗಿಟ್ಟು ಹಣೆ ಹಿಡಿದುಕೊಂಡರು.

"ಇದನ್ನಿಟ್ಟುಕೊಂಡು ಜನರ ಕಣ್ಣು ಪರೀಕ್ಷೆ ಮಾಡ್ತಿದ್ದೀರಾ? ರೀ, ಅದು ಕಣ್ಣಲ್ಲ, ಸೂರ್ಯಕಾಂತಿ ಹೂವು."

ಅಂದವರೇ ತುಟಿ ಕಚ್ಚಿಕೊಂಡರು. ಆದರೆ ಮಾತು ಹೊರಗೆ ಬಂದಾಗಿತ್ತು.

"ಸೂರ್ಯಕಾಂತಿ!" ಎಂದು ಕನ್ನಡಕದವರು ಕೂತಲ್ಲಿಂದ ಎದ್ದು ನಿಂತರು. "ಹೌದು, ಸೂರ್ಯಕಾಂತಿ. ರೆಪ್ಪೆಗೂದಲಲ್ಲ, ಎಸಳು. ನಿನಗೆ ನೆನಪಿಲ್ಲ ಅಂದಿದ್ದೆ?"

"ಈಗ ನೆನಪಾಯ್ತು" ಎಂದು ಹೆಂಡತಿ ಡಬ್ಬಿಯ ಮುಚ್ಚಳ ತೆಗೆಯುವುದರಲ್ಲಿ ಮಗ್ನರಾದರು.

"ನಾನು ಮೊದಲೇ ಹೂವು ಅಂದೆ" ಎಂದರು ಹೆಡ್‌ಮಿಸ್. "ವರ್ಷಗಟ್ಟಲೆ ಮಕ್ಕಳು ಬಿಡಿಸಿದ ಚಿತ್ರ ನೋಡಿದವಳು. ಎಷ್ಟು ಕೆಟ್ಟದಾಗಿ ಬರೆದರೂ ಏನು ಬರೆದಿದ್ದಾರೆ ಅಂತ ನನಗೆ ಗೊತ್ತಾಗುತ್ತೆ."

ಕನ್ನಡಕದವರು ತಪ್ಪೊಪ್ಪಿಕೊಂಡು, ಹಲಗೆ ತಿರುಗಿಸಿ ಮತ್ತೆ ಪರೀಕ್ಷೆ ಮಾಡಿದರು. ಸರಿಯಾದ ಗಾಜು ಹಾಕಿ ಭಾನುವಾರವೇ ಕೊಡುತ್ತೇನೆ, ಮನೆಗೇ ಬನ್ನಿ, ಕಾಫಿ ಕುಡಿದು ಕನ್ನಡಕ ತೆಗೆದುಕೊಂಡು ಹೋಗಿ ಎಂದರು. ಅವರ ದನಿಯಲ್ಲಿ ಪಶ್ಚಾತ್ತಾಪಕ್ಕಿಂತ ಉತ್ಸಾಹವೇ ಹೆಚ್ಚಿತ್ತು. ಬೆನ್ನ ಹಿಂದೆ ನಿಂತು ನೋಡುವವರು ಒಬ್ಬರು ಹೆಚ್ಚಾದರಲ್ಲ.

ಸೂರ್ಯಕಾಂತಿ ಎಂದು ಹುಡುಕಿದ್ದೇ ತಡ, ಮಗಳಿಗೆ ಆಟ ಸಿಕ್ಕಿತು. ಹಳೆಯ ಆಟಗಳನ್ನು ಕೂಡಿಡುವ ಯಾರೋ ಪುಣ್ಯಾತ್ಮರು ಅದನ್ನು ಜೋಪಾನವಾಗಿ ಇಟ್ಟಿದ್ದರು. ಭಾನುವಾರ ಬೆಳಗ್ಗೆ ಅವಳು ಅದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಊಟದ ಮೇಜಿನ ಮೇಲಿಟ್ಟಳು. ಭಾವಮೈದುನ ಬಂದ. ಹೆಡ್‌ಮಿಸ್ ಬಂದು ತಮ್ಮ ಕನ್ನಡಕ ಹಾಕಿಕೊಂಡು, ಮನೆಯ ಗಡಿಯಾರ, ಬಾಗಿಲು, ಭಾವಮೈದುನ ಎಲ್ಲವನ್ನೂ ಪರಿಶೀಲಿಸಿ, ಸರಿಯಾಗಿದೆ ಎಂದರು. ಕನ್ನಡಕದವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೆರಳುಗಳ ನೆಟಿಕೆ ಮುರಿದು ಕುರ್ಚಿಯಲ್ಲಿ ಕೂತರು.

"ಮೊದಲು ಊಟ ಮಾಡೋಣ್ವಾ? ಆಟ ಎಲ್ಲೂ ಓಡಿಹೋಗಲ್ಲ" ಎಂದರು ಹೆಂಡತಿ.

"ಈಗ ತಾನೇ ಎಲ್ಲರೂ ತಿಂಡಿ ತಿಂದ್ವಲ್ಲ."

"ಹಾಗಾದ್ರೆ ಲ್ಯಾಪ್‌ಟಾಪ್ ಯಾಕೋ ತುಂಬಾ ಬಿಸಿಯಾಗಿದೆ. ಆರಿಸಿ ಇಡೋಣ."

"ಬಿಸಿ ಇರೋದು ನಿನ್ನ ಕೈಲಿರೋ ಕಾಫಿ. ಪಕ್ಕಕ್ಕೆ ಬಾ, ಎಲ್ಲರಿಗೂ ಕಾಣಲಿ."

ಮಗಳು ಆಟ ತೆರೆದಳು. ಪರದೆಯ ಮೇಲೆ ಹಳದಿ ಎಸಳುಗಳ ದೊಡ್ಡ ಸೂರ್ಯಕಾಂತಿ ಅರಳಿತು. ಟುಣ್ ಟುಣ್ ಎಂಬ ಸಂಗೀತ ಹೊರಟಿತು. ಕನ್ನಡಕದವರ ಕಣ್ಣು ತುಂಬಿ ಬಂತು. ನಾಚಿಕೆಯಿಲ್ಲದೆ ಒರೆಸಿಕೊಂಡರು. ಅಷ್ಟರಲ್ಲಿ ಗುಂಡೊಂದು ಮೇಲಿಂದ ಚಿಮ್ಮಿತು.

"ಅದೇ, ಅದೇ" ಎನ್ನುತ್ತ ಅವರು ಎರಡೂ ಕೈ ಕೀಲಿಗಳ ಮೇಲಿಟ್ಟು ರಣರಂಗಕ್ಕೆ ಧುಮುಕಿದರು.

ಎಂಥ ಆಟ ಅದು! ಗುಂಡು ಎಡಕ್ಕೆ ಬಂದರೆ ಎಡರೆಕ್ಕೆ ಅಪ್ಪಳಿಸಿತು. ಬಲಕ್ಕೆ ಬಂದರೆ ಬಲರೆಕ್ಕೆ. ಗುಂಡು ಗೂಟಗಳಿಗೆ ಬಡಿದು, ಹೂವಿಗೆ ಬಡಿದು, ಮೂಲೆಯ ಸುರಂಗದಲ್ಲಿ ಮಾಯವಾಗಿ ಇನ್ನೊಂದು ಮೂಲೆಯಲ್ಲಿ ಹೊರಬಂತು. ಇನ್ನೇನು ಜಾರಿತು ಅನ್ನುವಾಗ ಕೂದಲೆಳೆಯಲ್ಲಿ ಉಳಿಯಿತು. ಅಂಕೆಗಳು ಏರಿದವು. ಕನ್ನಡಕದವರು ಮೈಯೆಲ್ಲ ಎಡಕ್ಕೂ ಬಲಕ್ಕೂ ವಾಲುತ್ತ, ನಾಲಿಗೆ ಕಚ್ಚಿಕೊಂಡು, ಬೆವರು ಹರಿಸಿದರು. ಭಾವಮೈದುನನ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ತಪ್ಪಾಯ್ತು ಭಾವ" ಎಂದ ಕೊನೆಗೆ. "ನೀವು ನಿಜವಾಗ್ಲೂ ಚಾಂಪಿಯನ್ನೇ. ಇಷ್ಟು ದಿನ ಸುಮ್ಮನೆ ಆಡ್ಕೊಂಡೆ."

ಅಷ್ಟು ವರ್ಷ ಕಾದ ಮಾತು ಅದು. ಕನ್ನಡಕದವರ ಎದೆ ಎಷ್ಟು ಉಬ್ಬಿತೆಂದರೆ, ಬೆವರಿಗೆ ಜಾರಿದ್ದ ಅವರದೇ ಕನ್ನಡಕ ಮೂಗಿನ ತುದಿಗೆ ಬಂದು ಇನ್ನೇನು ಬೀಳುವುದರಲ್ಲಿತ್ತು. ಅವರು ಎರಡೂ ಕೈ ಎತ್ತಿ ಕನ್ನಡಕ ಹಿಡಿದುಕೊಂಡರು.

ಗುಂಡು ಎಡಕ್ಕೆ ಬಂತು. ಎಡರೆಕ್ಕೆ ಅಪ್ಪಳಿಸಿತು. ಗುಂಡು ಬಲಕ್ಕೆ ಬಂತು. ಬಲರೆಕ್ಕೆ ಅಪ್ಪಳಿಸಿತು.

ಕನ್ನಡಕದವರ ಎರಡೂ ಕೈ ಕಿವಿಯ ಹತ್ತಿರ, ಗಾಳಿಯಲ್ಲೇ ಇದ್ದವು. ಆಟ ಮೊದಲಿನಷ್ಟೇ ಸೊಗಸಾಗಿ ನಡೆಯುತ್ತಿತ್ತು.

ಹೆಡ್‌ಮಿಸ್ ಮುಂದಕ್ಕೆ ಬಾಗಿ ಪರದೆ ನೋಡಿದರು. "ಕನ್ನಡಕ ಈ ಸಲ ಚೆನ್ನಾಗಿ ಮಾಡಿದ್ದೀರಿ. ಕೆಳಗಡೆ ಸಣ್ಣಕ್ಷರದಲ್ಲಿರೋದೂ ಓದೋಕೆ ಆಗ್ತಿದೆ. 'ಇದು ಮಾದರಿ ಆಟ. ಕಂಪ್ಯೂಟರ್ ತಾನೇ ಆಡುತ್ತಿದೆ. ನೀವು ಆಡಬೇಕಾದರೆ ಉದ್ದ ಕೀಲಿ ಒತ್ತಿ' ಅಂತ ಬರೆದಿದೆ."

ಕನ್ನಡಕದವರು ನಂಬಲಿಲ್ಲ. ನಂಬಲು ಅವರ ಯಾವ ಅಂಗವೂ ಸಿದ್ಧವಿರಲಿಲ್ಲ. ಉದ್ದ ಕೀಲಿ ಒತ್ತಿ ನೋಡಿದರು. ಆಟ ಹೊಸದಾಗಿ ಶುರುವಾಯಿತು. ಗುಂಡು ಚಿಮ್ಮಿತು, ಒಂದು ಗೂಟಕ್ಕೆ ತಗುಲಿತು, ನೆಟ್ಟಗೆ ಕೆಳಗಿಳಿದು ಎರಡು ರೆಕ್ಕೆಗಳ ನಡುವೆ ಗುಳುಂ ಆಯಿತು. ಕನ್ನಡಕದವರು ಕೀಲಿ ಒತ್ತಿದ್ದು ಅದಾದ ಮೇಲೆ. ಎರಡನೆಯ ಗುಂಡೂ ಹಾಗೇ. ಮೂರನೆಯದರ ಬಗ್ಗೆ ಹೇಳದಿರುವುದೇ ವಾಸಿ.

ಭಾವಮೈದುನ ಗೋಡೆಗೆ ಮುಖ ಮಾಡಿ ನಿಂತಿದ್ದ. ಅವನ ಹೆಗಲು ಕುಲುಕುತ್ತಿತ್ತು. ಮಗಳು ಸೋಫಾದ ದಿಂಬನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಕನ್ನಡಕದವರು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. ಅವರ ಮುಖ ನೋಡಿದರೆ ಯಾರಿಗಾದರೂ ಕರುಳು ಚುರುಕ್ ಅನ್ನುತ್ತಿತ್ತು.

"ನಿನಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ ಏನು? ಕಂಪ್ಯೂಟರ್ ನನ್ನದು. ಅದನ್ನ ಹಾಗೆ ಬಿಟ್ಟು ಇಡ್ತಿದ್ದದ್ದೂ ನಾನೇ."

"ನೀನೇ? ಯಾಕೆ?"

ಹೆಂಡತಿ ಕಾಫಿ ಲೋಟ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡರು. "ಮೊದಲನೇ ದಿನ ನೀವು ನಿಜವಾಗ್ಲೂ ಆಡಿದ್ರಿ. ಈಗ ಆಡಿದ್ರಲ್ಲ, ಥೇಟ್ ಹೀಗೇ. ಮುಖ ಇಷ್ಟು ದಪ್ಪ ಮಾಡ್ಕೊಂಡು ಎದ್ದು ಹೋದವರು ಆ ವಾರವೆಲ್ಲ ನನ್ನ ಮೇಜಿನ ಕಡೆ ತಲೆ ಹಾಕಲಿಲ್ಲ. ನಾನು ದಿನಾ ಒಬ್ಬಳೇ ಊಟ ಮಾಡ್ದೆ. ಆಮೇಲೆ ಇದಕ್ಕೆ ತಾನೇ ಆಡೋಕೆ ಬರುತ್ತೆ ಅಂತ ಗೊತ್ತಾಯ್ತು. ಹಾಗೆ ಬಿಟ್ಟು, ನಿಮ್ಮನ್ನ ಕರೆದು ಇನ್ನೊಂದ್ಸಲ ಕೂತು ನೋಡಿ ಅಂದೆ. ಅಷ್ಟೇ. ಆಮೇಲೆ ನೀವು ಒಂದು ದಿನವೂ ತಪ್ಪಿಸಲಿಲ್ಲ."

ತಾನು ಒಂದು ವಾರ ಮನಸ್ಸಿನಲ್ಲೇ ಅಭ್ಯಾಸ ಮಾಡಿ ಕೈ ಪಳಗಿಸಿಕೊಂಡೆ ಎಂದು ಕನ್ನಡಕದವರು ಈ ತನಕ ನಂಬಿದ್ದರು. "ಆಗಲೇ ಹೇಳಬಾರದಿತ್ತಾ?" ಎಂದರು ಕ್ಷೀಣವಾಗಿ.

"ಹೇಳಿದ್ದಿದ್ರೆ ಮಾರನೇ ದಿನ ನೀವು ಬರ್ತಿದ್ರಾ?"

ಬರುತ್ತಿರಲಿಲ್ಲ ಎಂದು ಕನ್ನಡಕದವರಿಗೂ ಗೊತ್ತಿತ್ತು. ಅವರಿಗೆ ಒಂದು ಕಡೆ ಭೂಮಿ ಬಾಯಿಬಿಡಬಾರದೇ ಎನ್ನಿಸುತ್ತಿತ್ತು, ಇನ್ನೊಂದು ಕಡೆ ಎಂದೂ ಇಲ್ಲದಷ್ಟು ಸಂತೋಷವಾಗುತ್ತಿತ್ತು. ಎರಡೂ ಒಟ್ಟಿಗೆ ಆದದ್ದರಿಂದ ಅವರು ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದುಬಿಟ್ಟರು. ಅದು ಹೆಡ್‌ಮಿಸ್‌ಗೆ ಕೊಟ್ಟದ್ದಾಗಿತ್ತು.

"ಹಾಳಾಗ್ಲಿ, ಇನ್ನು ಈ ಕಥೆ ನಾನು ಯಾರಿಗೂ ಹೇಳಲ್ಲ" ಎಂದರು.

"ಅದೆಲ್ಲ ಆಗಲ್ಲ ಭಾವ" ಎಂದು ಭಾವಮೈದುನ ಕಣ್ಣೀರು ಒರೆಸಿಕೊಳ್ಳುತ್ತ ಈ ಕಡೆ ತಿರುಗಿದ. "ಆಟ ಸಿಕ್ಕಿದೆ. ಶರತ್ತಿನಲ್ಲಿ ಗೆದ್ದವರು ನೀವು. ಬೇಕಾದಷ್ಟು ಸಲ ಹೇಳಬೇಕು, ನಾನು ತುಟಿ ಪಿಟಕ್ಕೆನ್ನದೆ ಕೇಳ್ತೀನಿ."

ಈಗಲೂ ಆ ಮನೆಗೆ ಯಾರೇ ಹೊಸಬರು ಬಂದರೂ ಆ ಕಥೆ ನಡೆಯುತ್ತದೆ. ಹೇಳುವವರು ಹೆಂಡತಿ. ಕನ್ನಡಕದವರು ಪಕ್ಕದ ಕುರ್ಚಿಯಲ್ಲಿ ತೆಪ್ಪಗೆ ಕೂತಿರುತ್ತಾರೆ. ಕಥೆಯಲ್ಲಿ ಅವರಿಗಿರುವುದು ಒಂದೇ ಕೆಲಸ. ಹೆಂಡತಿ ಒಂದು ಕಡೆ ಮಾತು ನಿಲ್ಲಿಸಿ ಅವರತ್ತ ನೋಡುತ್ತಾರೆ, ಆಗ ಅವರು ಎರಡೂ ಕೈ ಮೇಲೆತ್ತಿ ತೋರಿಸಬೇಕು.